ಎರಡು ತಪ್ಪಿನ ಎತ್ತರ

ಮಗನನ್ನು ಸೇರಿಸಲು ಹೋಗಿ ತಾನೇ ಉಳಿದುಕೊಂಡ ತಾಯಿ ನಮ್ಮ ಏರೋಮಾಡೆಲಿಂಗ್ ಕ್ಲಬ್ಬಿನಲ್ಲಿ ನಾನೊಬ್ಬಳೇ. ಮಗನಿಗೆ ಆರನೇ ಕ್ಲಾಸಿನಲ್ಲಿ ರಿಮೋಟ್ ವಿಮಾನದ ಹುಚ್ಚು ಹಿಡಿಯಿತು, ಎಂಟನೇ ಕ್ಲಾಸಿಗೆ ಬಿಟ್ಟಿತು. ಆಮೇಲೆ ಗಿಟಾರು, ಈಗ ಜಿಮ್ಮು. ನಡುವಿನ ಭಾನುವಾರಗಳಲ್ಲಿ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೆಂಗಳೂರಿನ ಪೂರ್ವದಂಚಿನ ಒಂದು ಬತ್ತಿದ ಕೆರೆಯಂಗಳಕ್ಕೆ ಒಯ್ಯುತ್ತಿದ್ದೆ. ಅವನು ಎದೆಗವಚಿಕೊಂಡಿದ್ದ ರೆಕ್ಕೆಗೆ ಲಾರಿಗಳ ಗಾಳಿ ಬಡಿದಾಗಲೆಲ್ಲ ಸ್ಕೂಟರು ಒಂದು ಮಗ್ಗುಲಿಗೆ ವಾಲುವುದು, ನಾನು ಇನ್ನೊಂದು ಮಗ್ಗುಲಿಗೆ ವಾಲಿ ಸರಿದೂಗಿಸುವುದು. ರೆಕ್ಕೆಗೂ ಗಾಳಿಗೂ ಇರುವ ಸಂಬಂಧದ ಮೊದಲ ಪಾಠ ನನಗಾದದ್ದು ಹಳೇ ಮದ್ರಾಸ್ ರಸ್ತೆಯಲ್ಲಿ.

ಅವನು ಬಿಟ್ಟ ಮೇಲೆ ಸಾಮಾನು ಉಳಿಯಿತು. ಒಂದು ಫೋಮಿನ ವಿಮಾನ, ಒಂದು ರೇಡಿಯೋ, ಎರಡು ಬ್ಯಾಟರಿ, ಒಂದು ಚಾರ್ಜರು. ದುಡ್ಡು ಕೊಟ್ಟು ತಂದದ್ದು ಮೂಲೆ ಸೇರಿದರೆ ನನಗೆ ನಿದ್ದೆ ಬರುವುದಿಲ್ಲ. ಮಗನ ಮೈಗೆ ಚಿಕ್ಕದಾದ ಸ್ವೆಟರನ್ನು ಬಿಚ್ಚಿ ಟೋಪಿ ಹೆಣೆದವಳು ನಾನು. ಬಿಚ್ಚಿ ಹೆಣೆಯಲು ಬಾರದ ವಸ್ತುವಾದ್ದರಿಂದ ಹಾರಿಸಲು ಕಲಿಯಬೇಕಾಯಿತು.

1878ರಲ್ಲಿ ಅಮೆರಿಕದ ಬಿಷಪ್ ಒಬ್ಬರು ಪ್ರವಾಸದಿಂದ ಮನೆಗೆ ಬರುವಾಗ ತಮ್ಮ ಇಬ್ಬರು ಕಿರಿಯ ಹುಡುಗರಿಗೆ ಒಂದು ಆಟಿಕೆ ತಂದರು. ಕಾರ್ಕು, ಬಿದಿರು, ಕಾಗದಗಳ ಪುಟ್ಟ ಹೆಲಿಕಾಪ್ಟರು. ರಬ್ಬರ್ ದಾರ ತಿರುಚಿ ಬಿಟ್ಟರೆ ಸೂರಿಗೆ ಹಾರುವಂಥದ್ದು. ಫ್ರಾನ್ಸಿನ ಅಲ್ಫೋನ್ಸ್ ಪೆನೋ ಎಂಬಾತನ ವಿನ್ಯಾಸ. ಹುಡುಗರು ಅದು ಮುರಿಯುವ ತನಕ ಆಡಿದರು, ಮುರಿದ ಮೇಲೆ ತಾವೇ ಇನ್ನೊಂದು ಮಾಡಿದರು, ಇಪ್ಪತ್ತೈದು ವರ್ಷದ ಮೇಲೆ ತಾವೇ ಕೂತು ಹಾರುವಂಥದ್ದನ್ನೂ ಮಾಡಿದರು. ಮಿಲ್ಟನ್ ರೈಟ್ ಅವರ ಆಟಿಕೆ ವಿಲ್ಬರನನ್ನೂ ಆರ್ವಿಲನನ್ನೂ ಕೊಟ್ಟಿತು. ನಾನು ತಂದುಕೊಟ್ಟ ಆಟಿಕೆ ಒಬ್ಬ ಗಿಟಾರಿಸ್ಟನನ್ನು ಕೊಟ್ಟು, ಅವನೂ ಕೈತಪ್ಪಿ ಹೋದ. ಬಿಷಪ್ಪರ ಹೆಂಡತಿ ಸೂಸನ್ ಕೂಡ ಕೈಗೆಲಸದಲ್ಲಿ ನಿಪುಣೆಯಾಗಿದ್ದವರು, ಮಕ್ಕಳಿಗೆ ಆಟಿಕೆ ಮಾಡಿಕೊಡುತ್ತಿದ್ದವರು. ಆಕೆಯ ಕೈಗೆ ಆ ಹೆಲಿಕಾಪ್ಟರು ಎಷ್ಟು ಹೊತ್ತು ಸಿಕ್ಕಿತೋ ಯಾರೂ ಬರೆದಿಟ್ಟಂತಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವಳು. ಭಾನುವಾರ ವಿಮಾನ ಹಾರಿಸುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟ ದಿನ ಇಂಗ್ಲಿಷ್ ಮೇಡಂ ಕೇಳಿದರು, “ಹಾಗಾದ್ರೆ ನಮ್ಮಕ್ಕನ ಮಗಳ ಮದುವೆಗೆ ವಿಡಿಯೋ ತೆಗೆದುಕೊಡ್ತೀರಾ?” ಈಗ ಹಾರುವುದೆಲ್ಲ ಡ್ರೋನು. ಡ್ರೋನ್ ಬೇರೆ, ನಮ್ಮದು ಬೇರೆ ಎಂದು ವಿವರಿಸಲು ಹೊರಟರೆ ಬೆಲ್ ಹೊಡೆಯುತ್ತದೆ. ಡ್ರೋನಿನೊಳಗೆ ಒಂದು ಪುಟ್ಟ ಕಂಪ್ಯೂಟರು ಕೂತು ಕ್ಷಣಕ್ಷಣಕ್ಕೂ ಅದನ್ನು ನೆಟ್ಟಗೆ ನಿಲ್ಲಿಸುತ್ತಿರುತ್ತದೆ. ಹಾರಿಸುವವನು ಕೈಬಿಟ್ಟು ಮೂಗು ಒರೆಸಿಕೊಳ್ಳಬಹುದು. ವಿಮಾನಕ್ಕೆ ಗಾಳಿಯಲ್ಲಿ ನಿಲ್ಲುವುದೇ ಗೊತ್ತಿಲ್ಲ, ಮುಂದೆ ಹೋಗುತ್ತಲೇ ಇರಬೇಕು. ಈ ವ್ಯತ್ಯಾಸವನ್ನು ಕ್ಲಬ್ಬಿನವರು ಸ್ವಲ್ಪ ಮಡಿಯಿಂದಲೇ ಕಾಪಾಡಿಕೊಂಡು ಬಂದಿದ್ದಾರೆ. ಡ್ರೋನ್ ತಂದ ಹುಡುಗರಿಗೆ ಮೈದಾನದ ಒಂದು ಮೂಲೆ ಬಿಟ್ಟುಕೊಡುತ್ತಾರೆ, ಇಡ್ಲಿಯನ್ನೂ ಕೊಡುತ್ತಾರೆ, ಸಲಹೆ ಮಾತ್ರ ಕೊಡುವುದಿಲ್ಲ. ನಮ್ಮಲ್ಲಿ ಸಲಹೆ ಕೊಡದಿರುವುದಕ್ಕಿಂತ ದೊಡ್ಡ ಬಹಿಷ್ಕಾರವಿಲ್ಲ.

ನನಗೆ ಕಲಿಸಿದವರು ರಾಯರು. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು, ಜೇಬಿನಲ್ಲಿ ಸದಾ ಒಂದು ಸಣ್ಣ ಸ್ಕ್ರೂಡ್ರೈವರು. ಕಲಿಯುವ ವಿಮಾನಕ್ಕೆ ಟ್ರೇನರ್ ಎನ್ನುತ್ತಾರೆ. ಅದರ ರೆಕ್ಕೆ ಒಡಲಿನ ಮೇಲಿರುತ್ತದೆ, ತುದಿಗಳು ತುಸು ಮೇಲಕ್ಕೆತ್ತಿರುತ್ತವೆ; ಹಾಗಾಗಿ ಒಂದು ಕಡೆ ವಾಲಿದ್ದನ್ನು ಕೈಬಿಟ್ಟರೆ ನಿಧಾನಕ್ಕೆ ತಾನೇ ನೆಟ್ಟಗಾಗುತ್ತದೆ. ಹೊಸಬರು ಕೈಬಿಡುವುದಿಲ್ಲ ಎನ್ನುವುದೇ ತೊಂದರೆ. ಗುರುವಿನ ರೇಡಿಯೋಗೂ ಶಿಷ್ಯರ ರೇಡಿಯೋಗೂ ನಡುವೆ ಒಂದು ತಂತಿ. ಶಿಷ್ಯರ ಕೈ ಕೆಟ್ಟಾಗ ಗುರು ಒಂದು ಸ್ವಿಚ್ಚು ಬಿಟ್ಟು ವಿಮಾನವನ್ನು ತನ್ನ ಕೈಗೆ ಎಳೆದುಕೊಳ್ಳುತ್ತಾನೆ. ರಾಯರು ಸ್ವಿಚ್ಚಿಗೆ ಕೈಹಾಕುವ ಮುಂಚೆ ಒಂದೇ ಮಾತು ಹೇಳುತ್ತಿದ್ದರು: “ಏನೂ ಮಾಡಬೇಡಿ, ಮೇಡಂ.” ಮದುವೆಯಾದ ದಿನದಿಂದ ಏನಾದರೂ ಮಾಡುತ್ತಲೇ ಬಂದ ಹೆಂಗಸಿಗೆ ಯಾರೂ ಇಂಥ ಮಾತು ಹೇಳಿದವರಲ್ಲ. ಆ ಮಾತು ಕೇಳುವ ಆಸೆಗೇ ಕೆಲವು ಭಾನುವಾರ ಹೋಗಿರಬೇಕು.

ಈ ಕಲಿಕೆಯಲ್ಲಿ ನಿಜವಾದ ಗಂಟು ಬೇರೆಡೆ ಇದೆ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ಸ್ಟಿಕ್ಕನ್ನು ಎಡಕ್ಕೆ ತಳ್ಳಿದರೆ ಅದೂ ಎಡಕ್ಕೇ ವಾಲುತ್ತದೆ. ಒಂದು ಸುತ್ತು ಹೊಡೆದು ನಮ್ಮ ಕಡೆ ಮುಖ ಮಾಡಿ ಬರತೊಡಗಿದ ಕೂಡಲೇ ಅದರ ಎಡ ನಮ್ಮ ಬಲ. ಕಾರು ನಡೆಸುವವನು ಕಾರಿನೊಳಗೆ ಕೂತಿರುತ್ತಾನೆ, ಅವನ ಎಡಬಲ ಕಾರಿನ ಜೊತೆ ತಿರುಗುತ್ತದೆ. ನಾವು ನಿಂತಲ್ಲೇ ನಿಂತಿರುತ್ತೇವೆ, ಎಡಬಲವೊಂದು ಮೇಲೆ ಸುತ್ತುತ್ತಿರುತ್ತದೆ. ಬುದ್ಧಿಗೆ ಇದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಬೆರಳಿಗೆ ತಿಳಿಯಲು ತಿಂಗಳುಗಳು ಬೇಕು. ಹೊಸಬರು ವಿಮಾನದ ಜೊತೆ ಮೈಯನ್ನೂ ತಿರುಗಿಸುತ್ತ, ಹೆಗಲ ಮೇಲಿಂದ ಹಿಂದಕ್ಕೆ ಕತ್ತು ಹೊರಳಿಸಿ, ರೇಡಿಯೋ ಒಂದು ದಿಕ್ಕು, ಮುಖ ಒಂದು ದಿಕ್ಕು ಆಗಿ ನಿಂತಿರುವುದನ್ನು ದೂರದಿಂದ ನೋಡಿದವರಿಗೆ ಯಾರೋ ದೇವರು ಬರಿಸಿಕೊಳ್ಳುತ್ತಿದ್ದಾರೆ ಎನಿಸಬೇಕು. ರಾಯರ ಹತ್ತಿರ ಇದಕ್ಕೊಂದು ಸುಲಭ ಸೂತ್ರವಿತ್ತು. ಎದುರು ಬರುವ ವಿಮಾನ ವಾಲಿದೆಯಾ, ಎಡ ಯಾವುದು ಬಲ ಯಾವುದು ಎಂದು ಲೆಕ್ಕ ಹಾಕಬೇಡಿ; ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ಊರುಗೋಲು ಕೊಟ್ಟ ಹಾಗೆ. ರೆಕ್ಕೆ ಎದ್ದು ನಿಲ್ಲುತ್ತದೆ. ನಾನು ಈಗ ಹೊಸಬರಿಗೆ ಹೇಳುವುದೂ ಇದನ್ನೇ, ಅದೇ ಊರುಗೋಲಿನ ಸಮೇತ.

ಇನ್ನೊಂದು ಸೂತ್ರ, ನಮ್ಮ ರಾಯರದಲ್ಲ, ಪ್ರಪಂಚದ ಎಲ್ಲ ಮೈದಾನಗಳಲ್ಲೂ ಹೇಳುವಂಥದ್ದು: ಎರಡು ತಪ್ಪಿನ ಎತ್ತರದಲ್ಲಿ ಹಾರಿಸಿ. ಒಂದು ತಪ್ಪು ಮಾಡಿ, ಅದನ್ನು ತಿದ್ದಲು ಹೋಗಿ ಇನ್ನೊಂದು ತಪ್ಪು ಮಾಡಿದರೂ ಕೆಳಗೆ ಇನ್ನೂ ಸ್ವಲ್ಪ ಆಕಾಶ ಉಳಿದಿರಬೇಕು. ಹೊಸಬರಿಗೆ ಸಹಜವಾಗಿ ಬರುವ ಧೈರ್ಯ ಇದಕ್ಕೆ ಉಲ್ಟಾ. ಕೆಳಗೆ ಹಾರಿಸಿದರೆ ಕ್ಷೇಮ, ಬಿದ್ದರೂ ಹೆಚ್ಚು ಪೆಟ್ಟಾಗುವುದಿಲ್ಲ ಎಂದುಕೊಳ್ಳುತ್ತಾರೆ. ನಮ್ಮ ಮನೆಯವರೂ ಹಾಗೇ, ಷೇರು ಪೇಟೆಯ ವಿಷಯದಲ್ಲಿ.

ಟ್ರೇನರ್ ಕೈಗೆ ಬಂದ ಮೇಲೆ ಮನುಷ್ಯನಿಗೆ ಬರುವ ಎರಡನೇ ಕಾಯಿಲೆ ಸ್ಪಿಟ್‌ಫೈರ್. ಎರಡನೇ ಮಹಾಯುದ್ಧದ ಆ ಬ್ರಿಟಿಷ್ ವಿಮಾನದ ಮೊಟ್ಟೆಯಾಕಾರದ ರೆಕ್ಕೆ ನೋಡಿ ಮರುಳಾಗದವರಿಲ್ಲ. ಸಿಕ್ಕಿದ್ದೇ ತಡ ಅದರ ಮಾದರಿಯನ್ನು ತರಿಸುತ್ತಾರೆ. ಅಸಲಿ ಸ್ಪಿಟ್‌ಫೈರಿನ ಗಾಲಿಗಳೇ ಒತ್ತೊತ್ತಾಗಿದ್ದವು. ನೆಲದ ಮೇಲೆ ಅದು ತಡವರಿಸುತ್ತಿತ್ತು. ಸಣ್ಣ ಮಾದರಿ ಇನ್ನೂ ಹೆಚ್ಚು ತಡವರಿಸುತ್ತದೆ. ಇಳಿಸಲು ವೇಗ ತಗ್ಗಿಸಿ ತಿರುಗಿಸುವಾಗ ಒಂದು ರೆಕ್ಕೆ ಮುನ್ಸೂಚನೆಯಿಲ್ಲದೆ ಕೆಲಸ ನಿಲ್ಲಿಸುತ್ತದೆ. ನಮ್ಮ ಸಾಫ್ಟ್‌ವೇರ್ ಹುಡುಗನೊಬ್ಬ ಬೋನಸ್ ಬಂದ ವಾರವೇ ತಂದ. ಕುಂಕುಮ ಹಚ್ಚಿ, ನಿಂಬೆಹಣ್ಣು ಗಾಲಿಯ ಕೆಳಗಿಟ್ಟು, ತಾಯಿಗೆ ವಿಡಿಯೋ ಕಾಲ್ ಹಾಕಿ ಹಾರಿಸಿದ. ನಿಂಬೆಹಣ್ಣು ಚೆನ್ನಾಗಿತ್ತು, ಆಮೇಲೆ ಅದನ್ನು ಹಿಂಡಿ ಎಲ್ಲರೂ ಪಾನಕ ಕುಡಿದರು.

ಈ ಸ್ಪಿಟ್‌ಫೈರ್ ಮಂದಿಗೆ ಮೊದಲೇ ಒಂದು ಪರೀಕ್ಷೆಯಿದೆ. ರೆಕ್ಕೆಯ ಅಗಲದಲ್ಲಿ ಮುಂದಿನಂಚಿನಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ಎತ್ತಬೇಕು. ವಿಮಾನ ಮಟ್ಟವಾಗಿ ನಿಂತರೆ ಸರಿ, ಮೂಗು ತುಸು ಬಾಗಿದರೂ ಅಡ್ಡಿಯಿಲ್ಲ, ಬಾಲ ಕೆಳಗಾದರೆ ಮನೆಗೆ ವಾಪಸ್ಸು. ಮೂಗು ಭಾರವಾದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಎನ್ನುವುದು ಈ ಹವ್ಯಾಸದ ಹಳೆಯ ಗಾದೆ. ತೂಗುವ ಕೆಲಸ ಕ್ಲಬ್ಬಿನಲ್ಲಿ ನನಗೆ ಬಿದ್ದಿದೆ. ಯಾಕೆಂದು ಕೇಳಿದರೆ, “ನೀವು ಲ್ಯಾಬಿನವರು” ಎಂದರು. ಎದುರು ಮಾತಾಡಲು ಯಾರಿಗೂ ಧೈರ್ಯ ಬರದ ಮುಖ ಬೇಕಾಗಿತ್ತು ಎಂಬುದು ನನ್ನ ಗುಮಾನಿ. ಕಾಲೇಜಿನಲ್ಲಿ ಮೂವತ್ತು ವರ್ಷ ತಿದ್ದಿ ತೀಡಿದ ಮುಖವದು.

ಇನ್ನೊಂದು ಕೆಲಸವೂ ಬಿತ್ತು, ಅದನ್ನು ಯಾವ ಬೈಲಾದಲ್ಲೂ ಬರೆದಿಲ್ಲ. ಸದಸ್ಯರು ಹೊಸ ಎಂಜಿನ್ನು, ಹೊಸ ರೇಡಿಯೋ ಕೊಂಡಾಗ ಮನೆಯಲ್ಲಿ ಹೇಳುವ ಬೆಲೆ ಒಂದಿರುತ್ತದೆ, ಕೊಟ್ಟ ಬೆಲೆ ಒಂದಿರುತ್ತದೆ. “ಮೇಡಂ, ಇದಕ್ಕೆ ಎರಡು ಸಾವಿರ ಅಂದ್ರೆ ನಂಬ್ತಾರಾ?” ಎಂದು ನನ್ನನ್ನು ಕೇಳುತ್ತಾರೆ. ಹೆಂಡತಿಯರ ಜಾತಿಯ ಪ್ರತಿನಿಧಿ ನಾನು. ಡಬ್ಬಿ ನೋಡಿ, “ಡಬ್ಬಿ ತೋರಿಸಿದ್ರೆ ನಂಬಲ್ಲ, ಡಬ್ಬಿ ಇಲ್ಲೇ ಬಿಡಿ” ಎನ್ನುತ್ತೇನೆ. ಕ್ಲಬ್ಬಿನ ಶೆಡ್ಡಿನಲ್ಲಿ ಖಾಲಿ ಡಬ್ಬಿಗಳ ರಾಶಿಯೇ ಬೆಳೆದಿದೆ. ನಮ್ಮ ಮನೆಯಲ್ಲಿ ಆಟ ತಿರುವುಮುರುವು: ಬೆಲೆ ಮರೆಸುವವಳು ನಾನು, ನಂಬುವವರು ಮನೆಯವರು. ಬ್ಯಾಟರಿಯ ವಿಷಯ ಮಾತ್ರ ಮುಚ್ಚಿಡಲಾಗಲಿಲ್ಲ. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಪೆಟ್ಟಾದರೆ, ಲೆಕ್ಕ ತಪ್ಪಿ ಚಾರ್ಜ್ ಮಾಡಿದರೆ ಹೊತ್ತಿ ಉರಿಯುವ ಗುಣವಿದೆ. ಮರಳು ತುಂಬಿದ ದೊಡ್ಡ ಮಣ್ಣಿನ ಕುಂಡವನ್ನು ಬಾಲ್ಕನಿಯಲ್ಲಿಟ್ಟು ಅದರಲ್ಲೇ ಚಾರ್ಜ್ ಮಾಡುತ್ತೇನೆ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು. ಗಿಡವಿಲ್ಲದ ಕುಂಡದ ಮುಂದೆ ದಿನಾ ಕೂರುವ ಹೆಂಡತಿಯನ್ನು ಕಂಡು ಯಾವ ಗಂಡನಿಗೂ ಪ್ರಶ್ನೆ ಏಳುತ್ತದೆ.

ರಾಯರ ಕಾಲದ ರೇಡಿಯೋ ಕಥೆಗಳನ್ನು ಕೇಳಬೇಕು. ಅವರಿಗೂ ಹಿಂದಿನ ಕಥೆಯೆಂದರೆ 1937ರದು. ಅಮೆರಿಕದ ಮಿಷಿಗನ್‌ನ ಕಲಮಜೂ ಊರಿನಲ್ಲಿ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸಹೋದರರು ‘ಗಫ್’ ಎಂದು ಹೆಸರಿಟ್ಟ ದೊಡ್ಡ ಮಾದರಿಯನ್ನು ರೇಡಿಯೋದಿಂದ ನಡೆಸಿದರು. ಆ ವಿಮಾನ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದೆ. ಆಮೇಲೆ ಬಹಳ ಕಾಲ ಸಾಮಾನ್ಯರ ಕೈಗೆ ಬಂದ ರೇಡಿಯೋಗಳಲ್ಲಿ ಇದ್ದದ್ದು ಒಂದೇ ಗುಂಡಿ. ವಿಮಾನದೊಳಗೆ ತಿರುಚಿದ ರಬ್ಬರ್ ಬ್ಯಾಂಡಿನ ಬಲದಿಂದ ಬಾಲದ ಚುಕ್ಕಾಣಿ ತಿರುಗುತ್ತಿತ್ತು. ಒಂದು ಸಲ ಒತ್ತಿ ಹಿಡಿದರೆ ಬಲಕ್ಕೆ, ಬಿಟ್ಟು ಇನ್ನೊಮ್ಮೆ ಒತ್ತಿದರೆ ಎಡಕ್ಕೆ. ಎಷ್ಟು ಸಲ ಒತ್ತಿದೆ ಎಂಬುದು ಮರೆತವನಿಗೆ ವಿಮಾನವೇ ನೆನಪು ಮಾಡಿಕೊಡುತ್ತಿತ್ತು.

ಕೈಗೊಂದು ಸ್ಟಿಕ್ಕು, ಕೆಲಸಕ್ಕೊಂದು ಮೋಟಾರು ಬಂದ ಮೇಲೂ ಒಂದು ತೊಡಕು ಉಳಿದಿತ್ತು. ಒಂದು ಚಾನೆಲ್ಲಿನಲ್ಲಿ ಒಬ್ಬರೇ ಹಾರಿಸಬಹುದು. ಅದೇ ಚಾನೆಲ್ಲಿನಲ್ಲಿ ಇನ್ನೊಬ್ಬ ತನ್ನ ರೇಡಿಯೋ ಆನ್ ಮಾಡಿದನೋ, ಮೇಲಿರುವ ವಿಮಾನಕ್ಕೆ ಇಬ್ಬರು ಯಜಮಾನರು, ಮುಂದಿನದು ನೆಲ. ಅದಕ್ಕೆ ಪ್ರತಿ ಮೈದಾನದಲ್ಲೂ ಒಂದು ಹಲಗೆ, ಅದರ ಮೇಲೆ ನಂಬರು ಬರೆದ ಬಟ್ಟೆ ಕ್ಲಿಪ್ಪುಗಳು. ನಿನ್ನ ಚಾನೆಲ್ಲಿನ ಕ್ಲಿಪ್ಪು ಹಲಗೆಯಲ್ಲಿದ್ದರೆ ತೆಗೆದು ನಿನ್ನ ಆಂಟೆನಾಗೆ ಸಿಕ್ಕಿಸಿಕೋ, ಹಾರಿಸು. ಇಲ್ಲದಿದ್ದರೆ ಅದು ಯಾರ ಹತ್ತಿರ ಇದೆಯೋ ಅವನು ಇಳಿಸುವ ತನಕ ಕಾಯಿ. ಕಾಯುವಾಗ ಮಾಡುವುದೇನು? ಪಕ್ಕದವನ ಎಂಜಿನ್ನು ನೋಡುವುದು, ಅದರ ಸೂಜಿ ಕವಾಟ ಅರ್ಧ ಸುತ್ತು ಜಾಸ್ತಿ ತೆರೆದಿದೆ ಎನ್ನುವುದು, ಅವನ ಮಗಳಿಗೆ ಯಾವ ಕಾಲೇಜು ಎಂದು ಕೇಳುವುದು. ಕ್ಲಿಪ್ಪು ತೆಗೆಯದೆ ರೇಡಿಯೋ ಆನ್ ಮಾಡಿದ ಒಬ್ಬರಿಂದ ಇನ್ನೊಬ್ಬರ ವಿಮಾನ ಬಿದ್ದು, ಆ ಇಬ್ಬರೂ ಇವತ್ತಿಗೂ ಒಂದೇ ಚಟ್ನಿ ಪಾತ್ರೆಗೆ ಕೈಹಾಕುವುದಿಲ್ಲ. ಆದರೂ ಇಬ್ಬರೂ ತಪ್ಪದೆ ಬರುತ್ತಾರೆ, ಅಷ್ಟು ಹೊತ್ತಿಗೇ ಬರುತ್ತಾರೆ.

ಈಗಿನ 2.4 ಗಿಗಾಹರ್ಟ್ಜ್ ರೇಡಿಯೋಗಳು ಆ ತಾಪತ್ರಯ ಕಳೆದವು. ಪ್ರತಿ ರಿಸೀವರು ತನ್ನದೇ ರೇಡಿಯೋದ ಗುರುತು ಹಿಡಿದು ಅದರ ಮಾತು ಮಾತ್ರ ಕೇಳುತ್ತದೆ. ಯಾರ ಅಪ್ಪಣೆಯೂ ಬೇಡ. ಹುಡುಗರು ಬರುತ್ತಾರೆ, ಮೂರು ಬ್ಯಾಟರಿ ಮುಗಿಸುತ್ತಾರೆ, ಹೋಗುತ್ತಾರೆ. ಅವರ ಮಕ್ಕಳು ಯಾವ ಶಾಲೆ ಎಂದು ನಮಗೆ ಗೊತ್ತಾಗುವುದಿಲ್ಲ. ರಾಯರು ಹಳೆಯ ಹಲಗೆಯನ್ನು ಇನ್ನೂ ಶೆಡ್ಡಿನಲ್ಲಿ ಇಟ್ಟಿದ್ದಾರೆ. ಅದರ ಕ್ಲಿಪ್ಪುಗಳಲ್ಲಿ ಈಗ ಇಡ್ಲಿ ಪೊಟ್ಟಣದ ಬಾಯಿ ಕಟ್ಟುತ್ತೇವೆ.

ವಿಮಾನ ಕೊಳ್ಳಲು ಒಬ್ಬರು ಸಾಕು, ಹಾರಿಸಲು ಇಬ್ಬರು ಬೇಕು, ಬಿದ್ದದ್ದನ್ನು ಹುಡುಕಲು ಊರೇ ಬೇಕು. ಹಾರಿಸುವವರ ಕಣ್ಣು ವಿಮಾನದ ಮೇಲಿಂದ ಕದಲುವಂತಿಲ್ಲ. ಹಸು ಅಡ್ಡ ಬಂತು, ಇನ್ನೊಬ್ಬ ಇಳಿಸುತ್ತಿದ್ದಾನೆ, ಹಿಂದೆ ಹದ್ದೊಂದು ಅಟ್ಟಿಸಿಕೊಂಡು ಬರುತ್ತಿದೆ ಎಂದು ಕಿವಿಯಲ್ಲಿ ಹೇಳಲು ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣು ಬೇಕು. ಇದನ್ನು ತುತ್ತತುದಿಗೆ ಒಯ್ದವರು ಮೇನಾರ್ಡ್ ಹಿಲ್. ಎಪ್ಪತ್ತು ದಾಟಿದ ಅಮೆರಿಕದ ಮುದುಕ. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕಿವಿಯೂ ಮಂದ. ಅವರಿಗೆ ಹಿಡಿದ ಹುಚ್ಚು, ಐದು ಕೆಜಿ ಮೀರದ ಮಾದರಿ ವಿಮಾನವನ್ನು ಅಟ್ಲಾಂಟಿಕ್ ದಾಟಿಸಬೇಕು. ಬಾಲ್ಸಾ ಮರದಲ್ಲಿ ಕಟ್ಟುವ ಕೆಲಸವನ್ನು ಬಹುಪಾಲು ಬೆರಳಿನಲ್ಲಿ ತಡವಿಯೇ ಮಾಡಿದರು. ಮೊದಲ ವಿಮಾನಗಳು ಸಮುದ್ರದ ಪಾಲಾದವು. 2003ರ ಆಗಸ್ಟ್‌ನಲ್ಲಿ ಟ್ಯಾಮ್-5 ಎಂಬುದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೇಪ್ ಸ್ಪಿಯರ್‌ನಿಂದ ಹೊರಟು, 38 ಗಂಟೆ 52 ನಿಮಿಷ ಹಾರಿ, ಸುಮಾರು 3,000 ಕಿಲೋಮೀಟರ್ ದಾಟಿ ಐರ್ಲೆಂಡಿನ ಮ್ಯಾನಿನ್ ಬೀಚಿಗೆ ಬಂತು. ನಡುದಾರಿಯಲ್ಲಿ ನಡೆಸಿದ್ದು ಒಳಗಿದ್ದ ಜಿಪಿಎಸ್ ಮತ್ತು ಆಟೋಪೈಲಟ್ಟು. ಕುಡಿದ ಇಂಧನ ಒಂದು ಗ್ಯಾಲನ್ನಿಗೂ ಕಡಿಮೆ. ಐರ್ಲೆಂಡಿನಲ್ಲಿ ರೇಡಿಯೋ ಹಿಡಿದು ಇಳಿಸಿದವರು ಬೇರೊಬ್ಬರು. ಹಿಲ್ ಆಚೆ ದಡದಲ್ಲಿ ಸುದ್ದಿಗೆ ಕಾಯುತ್ತ ಇದ್ದರು. ತಾನು ಕಾಣಲಾರದ ವಿಮಾನವನ್ನು ಕಟ್ಟಿ ಮತ್ತೊಬ್ಬರ ಕಣ್ಣಿಗೆ ಒಪ್ಪಿಸಿದ ಈ ಮನುಷ್ಯನ ಹೆಸರು ರೈಟ್ ಸಹೋದರರ ಪಕ್ಕದಲ್ಲಿ ಪಠ್ಯಪುಸ್ತಕದಲ್ಲಿ ಇರಬೇಕು ಎಂದು ನಾನು ಸ್ಟಾಫ್ ರೂಮಿನಲ್ಲಿ ವಾದಿಸಿದ್ದೇನೆ. ಸಿಲಬಸ್ಸು ಮುಗಿಯುವುದೇ ಕಷ್ಟ ಎಂದರು ಫಿಸಿಕ್ಸಿನವರು.

ಸಿಲಬಸ್ಸಿನ ಮಾತು ಬಂದದ್ದಕ್ಕೆ ಹೇಳಬೇಕು, ಈ ಹವ್ಯಾಸದಲ್ಲಿ ನನ್ನ ಪಾಲಿನ ಸುಖ ಗ್ಲೋ ಎಂಜಿನ್ನು. ಈಗ ಎಲ್ಲರೂ ಬ್ಯಾಟರಿಗೆ ಹೊರಳಿದ್ದಾರೆ, ಕ್ಲಬ್ಬಿನಲ್ಲಿ ನಾಲ್ಕೈದು ಮಂದಿ ಮಾತ್ರ ಇನ್ನೂ ಎಂಜಿನ್ ತಿರುಗಿಸುತ್ತೇವೆ. ಅದರ ಇಂಧನ ಮೆಥನಾಲ್, ಜೊತೆಗೆ ಎಣ್ಣೆ, ಒಂದಿಷ್ಟು ನೈಟ್ರೋಮೀಥೇನ್. ಕಿಡಿ ಹಾರಿಸುವ ವ್ಯವಸ್ಥೆಯೇ ಇಲ್ಲ. ಪ್ಲಗ್ಗಿನಲ್ಲಿ ಪ್ಲಾಟಿನಂ ಸೇರಿದ ಒಂದು ಸಣ್ಣ ತಂತಿಯ ಸುರುಳಿ. ಶುರುವಿಗೆ ಮಾತ್ರ ಬ್ಯಾಟರಿಯಿಂದ ಕೆಂಪಗೆ ಕಾಯಿಸುತ್ತೇವೆ, ಆಮೇಲೆ ಬ್ಯಾಟರಿ ಕಿತ್ತುಬಿಡುತ್ತೇವೆ. ಮೆಥನಾಲ್ ಆವಿ ಪ್ಲಾಟಿನಂ ಮೇಲೆ ವರ್ತಿಸಿ ತಾನೇ ಕಾವು ಹುಟ್ಟಿಸಿಕೊಳ್ಳುತ್ತದೆ, ಸುರುಳಿ ಆರುವುದೇ ಇಲ್ಲ. ವೇಗವರ್ಧಕದ ಪಾಠಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನಾನು ಕಂಡಿಲ್ಲ. ತರಗತಿಯಲ್ಲಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, “ಮ್ಯಾಮ್, ಇದು ಎಕ್ಸಾಮಿಗೆ ಬರುತ್ತಾ?” ಎಂದಳು.

ಎಣ್ಣೆ ಎಂದೆನಲ್ಲ, ಹಳೆಯ ಮಂದಿಗೆ ಅದು ಹರಳೆಣ್ಣೆಯೇ ಆಗಬೇಕು. ಮಿಕ್ಕ ಸಾಮಾನ್ಯ ಎಣ್ಣೆಗಳು ಮೆಥನಾಲಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಹರಳೆಣ್ಣೆ ಬೆರೆಯುತ್ತದೆ. ಅದರ ಕೊಬ್ಬಿನಾಮ್ಲದಲ್ಲಿ ಆಲ್ಕೋಹಾಲಿನ ನೆಂಟಸ್ತಿಕೆಯ ಒಂದು ಗುಂಪು ಇರುವುದೇ ಕಾರಣ. ಅತಿ ಕಾವಿನಲ್ಲೂ ಲೋಹದ ಮೇಲಿನ ಪದರ ಬಿಟ್ಟುಕೊಡುವುದಿಲ್ಲ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ನುಗಳು ಕುಡಿದದ್ದೂ ಇದನ್ನೇ. ಆ ಎಂಜಿನ್ನುಗಳು ಸುಡದ ಎಣ್ಣೆಯನ್ನು ಹಿಂದಕ್ಕೆ ಉಗುಳುತ್ತಿದ್ದವು, ತೆರೆದ ಕಾಕ್‌ಪಿಟ್ಟಿನಲ್ಲಿ ಕೂತ ಪೈಲಟ್ಟುಗಳು ಗಂಟೆಗಟ್ಟಲೆ ಅದರ ಹೊಗೆ ನುಂಗುತ್ತಿದ್ದರು. ಇಳಿದ ಮೇಲೆ ಅವರ ಗತಿ ಏನಾಗುತ್ತಿತ್ತೆಂಬುದನ್ನು, ತಿಂಗಳಿಗೊಮ್ಮೆ ಅಜ್ಜಿ ಮೂಗು ಹಿಡಿದು ಹರಳೆಣ್ಣೆ ಕುಡಿಸಿದ ನನ್ನ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ. ಪ್ರಪಂಚದಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದೇ. ನೆತ್ತಿಗೆ, ಹೊಟ್ಟೆಗೆ ಆಗಿ ಉಳಿದದ್ದನ್ನು ನಾನು ಆಕಾಶಕ್ಕೆ ಬಿಡುತ್ತೇನೆ. ಎಂಜಿನ್ ಹಿಡಿದ ದಿನ ಸೀರೆಗೆಲ್ಲ ಆ ವಾಸನೆ. ಮನೆಯವರು ಅದನ್ನು ಕೆಡುಕಿನ ವಾಸನೆ ಎನ್ನುತ್ತಾರೆ, ನಮ್ಮ ಅತ್ತೆ ಮಾತ್ರ “ಎಣ್ಣೆಸ್ನಾನ ಆಯ್ತೇನೇ?” ಎಂದು ಮೆಚ್ಚಿ ಕೇಳುತ್ತಾರೆ.

ಬೆಳೆಯುವುದು ಎಂದರೆ ದೊಡ್ಡದಕ್ಕೆ ಹೋಗುವುದು ಎಂದು ಎಲ್ಲ ಹವ್ಯಾಸದಲ್ಲೂ ತಿಳಿಯುತ್ತಾರೆ. ಇಲ್ಲಿಯೂ ಆ ದಾರಿಯಿದೆ: ಫೋಮಿನಿಂದ ಬಾಲ್ಸಾಗೆ, ಬಾಲ್ಸಾದಿಂದ ಸೀಮೆಎಣ್ಣೆ ಕುಡಿಯುವ ನಿಜವಾದ ಟರ್ಬೈನ್ ಜೆಟ್ಟಿಗೆ. ಆದರೆ ಆ ದಾರಿಯಲ್ಲಿ ಬಹಳ ದೂರ ಹೋದವರು ಕೊನೆಗೆ ಎಂಜಿನ್ನೇ ಇಲ್ಲದ ಗ್ಲೈಡರಿಗೆ ಬರುವುದನ್ನು ಕಂಡಿದ್ದೇನೆ. ರಾಯರಿಗೆ ಈಗ ಗ್ಲೈಡರ್ ಬಿಟ್ಟು ಬೇರೆ ಬೇಡ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೆ ಕೆರೆಯಂಗಳದ ಬಿಸಿಗಾಳಿ ಕಂಬವಾಗಿ ಏಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಎಲ್ಲಿ ಸುತ್ತುತ್ತಿವೆ ಎಂದು ನೋಡಿ, ರಾಯರು ಗ್ಲೈಡರನ್ನು ಆ ಸುತ್ತಿನೊಳಗೆ ಸೇರಿಸುತ್ತಾರೆ. ಹದ್ದುಗಳು ಒಮ್ಮೆ ನೋಡಿ, ಇರಲಿ ಬಿಡು ಎನ್ನುತ್ತವೆ. ಆ ಹೊತ್ತಿನಲ್ಲಿ ಅವರು ಹೇಳುವ ಕಥೆ ಎಚ್‌ಎಎಲ್‌ನದು. ಜರ್ಮನಿಯ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಫ್-24 ಮರುತ್ ಯುದ್ಧವಿಮಾನವನ್ನು ವಿನ್ಯಾಸ ಮಾಡಿದಾಗ, ಜೆಟ್ ಎಂಜಿನ್ ಕೂರಿಸುವ ಮೊದಲು ಅದೇ ಅಳತೆಯ ಮರದ ಗ್ಲೈಡರನ್ನು ಕಟ್ಟಿ, ಡಕೋಟಾ ವಿಮಾನದ ಹಿಂದೆ ಹಗ್ಗ ಹಾಕಿ ಎಳೆಸಿ, ಮೇಲೆ ಬಿಟ್ಟು ಪರೀಕ್ಷಿಸಿದರು. ಅದು 1959, ಮರುತ್ ತಾನೇ ಹಾರಿದ್ದು 1961ರ ಜೂನ್‌ನಲ್ಲಿ. ರಾಯರು ಆಗ ಚಡ್ಡಿ ಹಾಕುವ ಹುಡುಗ, ಅವರು ಕಂಡದ್ದಲ್ಲ, ಕೆಲಸಕ್ಕೆ ಸೇರಿದ ಮೇಲೆ ಹಿರಿಯರಿಂದ ಕೇಳಿದ್ದು. ಕಥೆ ಹೇಳುವಾಗ ಮಾತ್ರ ಹಗ್ಗ ಬಿಚ್ಚಿದವರು ಅವರೇ.

ಈ ಊರಿನಲ್ಲಿ ವಿಮಾನ ಕಟ್ಟುವವರು ಹೆಚ್ಚಾದ್ದರಿಂದಲೇ ನಮಗೆ ಹಾರಿಸಲು ಜಾಗ ಕಡಿಮೆ. ಎಚ್‌ಎಎಲ್ ರನ್‌ವೇ, ಯಲಹಂಕದ ವಾಯುನೆಲೆ, ಜಕ್ಕೂರು, ಆಚೆ ದೇವನಹಳ್ಳಿಯ ವಿಮಾನ ನಿಲ್ದಾಣ. ನಕ್ಷೆಯ ಮೇಲೆ ಪ್ರತಿಯೊಂದರ ಸುತ್ತ ಕೆಂಪು ಹಳದಿ ವಲಯ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ, 400 ಅಡಿಯೊಳಗೆ, ಕಣ್ಣಳತೆಯಲ್ಲಿ ಹಾರಿಸಿಕೊಳ್ಳಬಹುದು. ಹಸಿರು ಇರುವಲ್ಲಿ ಲೇಔಟಿನವರು ಇದ್ದಾರೆ. ನಮ್ಮ ಹಿಂದಿನ ಮೈದಾನದಲ್ಲಿ ಒಂದು ಭಾನುವಾರ ನೋಡಿದರೆ ಉದ್ದಕ್ಕೂ ಸೈಟಿನ ಕಲ್ಲು ನೆಟ್ಟಿದ್ದಾರೆ. ಕೆಲವು ತಿಂಗಳು ಥರ್ಟಿ-ಫಾರ್ಟಿ ಸೈಟುಗಳ ನಡುವಿನ ರಸ್ತೆಯಲ್ಲೇ ಇಳಿಸಿದೆವು. “ಕಾರ್ನರ್ ಸೈಟಿಗೆ ಬಂದೆ, ಲ್ಯಾಂಡಿಂಗ್!” ಎಂದು ಕೂಗುವುದು ರೂಢಿಯಾಯಿತು. ಮನೆ ಎದ್ದ ಮೇಲೆ ನಾವೂ ಏಳಬೇಕಾಯಿತು.

ಈಗಿನ ಕೆರೆಯಂಗಳದ ಪಕ್ಕ ಒಬ್ಬ ಅಜ್ಜಿಯ ರಾಗಿ ಹೊಲ. ತೆನೆ ಬಿಟ್ಟ ರಾಗಿಯಲ್ಲಿ ವಿಮಾನ ಬಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಬಿದ್ದ ಜಾಗಕ್ಕೆ ನೇರ ಬೊಟ್ಟು ಮಾಡಿ ಒಬ್ಬರು ಕದಲದೆ ನಿಲ್ಲಬೇಕು, ಇನ್ನಿಬ್ಬರು ಆ ಗೆರೆ ಹಿಡಿದು ಸಾಲಿನ ನಡುವೆ ಹೋಗಬೇಕು, ಪೈರು ತುಳಿಯಬಾರದು. ನಮ್ಮ ಕ್ಲಬ್ಬಿನ ನಿಯಮದಲ್ಲಿ ಮೊದಲನೆಯದು, ಅಜ್ಜಿಯನ್ನು ಕೇಳದೆ ಬದು ದಾಟಬಾರದು. ಅಜ್ಜಿ ಬದುವಿನ ಮೇಲೆ ನಿಂತು, “ನಿಮ್ಮ ಕಾಗೆ ಆ ಕಡೆ ಬಿತ್ತಪ್ಪ, ಈ ಕಡೆ ಅಲ್ಲ” ಎಂದು ಸರಿಯಾಗಿ ಹೇಳುತ್ತಾರೆ. ನಮ್ಮಲ್ಲಿ ಬೈನಾಕ್ಯುಲರ್ ಇದೆ, ಬಿದ್ದಾಗ ಕೂಗುವ ಬಜರ್ ಇದೆ, ಹುಡುಕಿಕೊಡುವವರು ಅವರೇ. ಒಂದು ಸಲ ಸ್ಪಿಟ್‌ಫೈರ್ ಹುಡುಗನಿಗೆ ಹೇಳಿದರು, “ಈ ವಯಸ್ಸಲ್ಲಿ ಎತ್ತು ಕಟ್ಟಬೇಕು ಕಣಪ್ಪ, ಇದೇನು ಕಟ್ಕೊಂಡಿದ್ದೀಯಾ.” ಅವನಿಗೆ ಮದುವೆಯಾಗಿ ವರ್ಷವಾಗಿತ್ತು. “ಹೆಂಡತಿಯೂ ಇದೇ ಅಂತಾಳೆ, ಅಜ್ಜಿ” ಎಂದ.

ಈ ವರ್ಷದ ವಾರ್ಷಿಕ ಸಭೆಯಲ್ಲಿ ವಿಷಯಪಟ್ಟಿ ಉದ್ದವಿತ್ತು. ಅಧ್ಯಕ್ಷರ ಆಯ್ಕೆ ಎರಡು ನಿಮಿಷದಲ್ಲಿ ಮುಗಿಯಿತು, ಯಾರಿಗೂ ಬೇಡದ ಹುದ್ದೆ. ಜೆಟ್ಟುಗಳಿಗೆ ಸಮಯ ಬೇರೆ ಮಾಡಬೇಕೇ ಎಂಬುದು ಒಂದು ಗಂಟೆ ನಡೆದು ಎಲ್ಲಿಗೂ ಬರಲಿಲ್ಲ. ಚಟ್ನಿ ಹಂಚಿಕೊಳ್ಳದ ಇಬ್ಬರೂ ಒಂದೇ ಪಕ್ಷದಲ್ಲಿ ಇದ್ದದ್ದು ಗೊತ್ತಾಗಿ ಇಬ್ಬರಿಗೂ ಇರುಸುಮುರುಸಾಯಿತು. ಆಮೇಲೆ ಕಾರ್ಯದರ್ಶಿ ಮುಖ್ಯ ವಿಷಯಕ್ಕೆ ಬಂದರು. ಕೆರೆಗೆ ಈ ಸಲ ನೀರು ಬರುವ ಸೂಚನೆಯಿದೆ, ಬಂದರೆ ರನ್‌ವೇ ಮುಳುಗುತ್ತದೆ. ಕೆರೆ ತುಂಬಿದ್ದಕ್ಕೆ ಸಂತೋಷಪಡಬೇಕೋ ಬೇಡವೋ ಎಂದು ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಅಜ್ಜಿಯ ಹತ್ತಿರ ಹೊಲದ ಮೇಲ್ಭಾಗದಲ್ಲಿ ಬೀಳು ಜಾಗ ಇದೆ, ಕೇಳಿ ನೋಡುವುದು ಎಂದು ತೀರ್ಮಾನವಾಯಿತು. ಹೆಂಗಸಿನ ಹತ್ತಿರ ಹೆಂಗಸೇ ಹೋಗಲಿ ಎಂದು ನನ್ನನ್ನು ಕಳಿಸಿದರು.

ಅಜ್ಜಿ ತಕರಾರು ಮಾಡಲಿಲ್ಲ. ಬಾಡಿಗೆ ಎಷ್ಟು ಎಂದರೆ, “ದುಡ್ಡು ಬ್ಯಾಡ ಕಣಮ್ಮ” ಎಂದರು. ಈ ಸಲ ಒಂದಷ್ಟು ಮುಸುಕಿನ ಜೋಳ ಹಾಕಿದ್ದಾರಂತೆ, ಗಿಳಿಗಳ ಕಾಟ ಹೇಳತೀರದು. ತಗಡು ಬಡಿದು ಬಡಿದು ಕೈ ಸೋತಿದೆ, ಮೊಮ್ಮಗ ಮೊಬೈಲು ಬಿಟ್ಟು ಏಳುವುದಿಲ್ಲ. ನಾವು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ನಮ್ಮ ಕಾಗೆಗಳನ್ನು ಜೋಳದ ಮೇಲೆ ಸುತ್ತು ಹೊಡೆಸಬೇಕು, ಕಟಾವಿನ ತನಕ. ಸದ್ದು ಮಾಡುವುದನ್ನೇ ತರಬೇಕು, ಸದ್ದಿಲ್ಲದ್ದು ಬೇಡ.

ನಮ್ಮ ಗ್ಲೋ ಎಂಜಿನ್ನಿನವರಿಗೆ ಎಷ್ಟೋ ವರ್ಷದ ಮೇಲೆ ಬೆಲೆ ಬಂತು. ಬ್ಯಾಟರಿಯವರು ಮುಖ ಸಣ್ಣಗೆ ಮಾಡಿಕೊಂಡರು. ಸೋಮವಾರದಿಂದ ಶನಿವಾರದವರೆಗೆ ಯಾರು ಯಾರು ಎಂದು ಪಾಳಿ ಹಾಕುವಷ್ಟರಲ್ಲಿ ಖಜಾಂಚಿ ಲೆಕ್ಕದ ಪುಸ್ತಕ ತೆರೆದು ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿದ್ದರು. “ಬಾಡಿಗೆ ಕಾಲಮಿನಲ್ಲಿ ಏನು ಬರೆಯಲಿ, ಮೇಡಂ? ಗಿಳಿ ಅಂತ ಬರೆದ್ರೆ ಆಡಿಟರು ಕೇಳಲ್ವಾ?”

“ಖರ್ಚಿಗೆ ಬರೀರಿ,” ಎಂದರು ರಾಯರು. “ಹರಳೆಣ್ಣೆ ಅಂತ.”